ಯುದ್ಧಕಾಲದ ವಾಯುನೆಲೆ: ಮೂರೂವರೆ ನಿಮಿಷದ ರೇಡಾರ್

ಸೇನಾ ವಾಯುನೆಲೆಯ ಎಟಿಸಿಯಲ್ಲಿ, ಅಂದರೆ ವಿಮಾನ ಸಂಚಾರ ನಿಯಂತ್ರಣದಲ್ಲಿ, ಸಾಮಾನ್ಯವಾಗಿ ಮೂರು ಬಗೆಯ ರೇಡಾರ್ ಇರುತ್ತವೆ. ಸುತ್ತಲಿನ ಸುಮಾರು 60 ನಾಟಿಕಲ್ ಮೈಲಿ ನೋಡುತ್ತ, ನಿಮಿಷಕ್ಕೆ 12ರಿಂದ 15 ಸುತ್ತು ತಿರುಗುವುದು ಸರ್ವೆಲೆನ್ಸ್ ರೇಡಾರ್. ಅದರ ನೆತ್ತಿಯ ಮೇಲೆ ಕೂತು 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳಿ, 1090ರಲ್ಲಿ ವಿಮಾನದ ಉತ್ತರ ಪಡೆಯುವುದು ಸೆಕೆಂಡರಿ. ರನ್‌ವೇ ಪಕ್ಕದಲ್ಲಿ ನಿಂತು ಇಳಿಯುವ ದಾರಿಯನ್ನಷ್ಟೇ ನೋಡುವುದು ಪ್ರಿಸಿಷನ್ ಅಪ್ರೋಚ್ ರೇಡಾರ್, ಅಂದರೆ ಪಿಎಆರ್. ಅಡ್ಡಕ್ಕೆ 20 ಡಿಗ್ರಿ, ಎತ್ತರಕ್ಕೆ 7 ಡಿಗ್ರಿ, ಇಷ್ಟೇ ಅದರ ಜಗತ್ತು. ಆದರೆ ಮೋಡ ನೆಲಕ್ಕಿಳಿದ ದಿನ ವಿಮಾನವನ್ನು ಮನೆಗೆ ತರುವುದು ಇದೇ. ವಿಮಾನದಲ್ಲಿ ಐಎಲ್‌ಎಸ್ (ಇಳಿಯುವ ದಾರಿಯನ್ನು ರೇಡಿಯೊ ಸಂಕೇತದಿಂದ ತೋರಿಸುವ ವ್ಯವಸ್ಥೆ) ರಿಸೀವರ್ ಇಲ್ಲದಿದ್ದರೂ, ಇದ್ದದ್ದು ಕೆಟ್ಟಿದ್ದರೂ, ರೇಡಿಯೊ ಒಂದು ಕೆಲಸ ಮಾಡಿದರೆ ಸಾಕು. 1948-49ರಲ್ಲಿ ಬರ್ಲಿನ್‌ಗೆ ವಿಮಾನದಲ್ಲೇ ಅನ್ನ, ಕಲ್ಲಿದ್ದಲು ಸಾಗಿಸಿದಾಗ ಟೆಂಪಲ್‌ಹಾಫ್‌ನಲ್ಲಿ ಚಳಿಗಾಲದ ಮಂಜನ್ನು ದಾಟಿಸಿದ್ದು ಇಂಥ ರೇಡಾರ್ ನೋಡುತ್ತ ರೇಡಿಯೊದಲ್ಲಿ ಪೈಲಟ್‌ಗೆ ದಾರಿ ಹೇಳಿ ಇಳಿಸುವ ಟಾಕ್‌ಡೌನ್.

ಯುದ್ಧ ಬಂದರೆ ಈ ಮೂರೂ ಶತ್ರುವಿಗೆ ಊರ ಜಾತ್ರೆಯ ದೀಪದಂತೆ ಕಾಣುತ್ತವೆ. ವಿಮಾನಕ್ಕೆ ತಾಗಿ ಮರಳಿ ಬರುವ ಪ್ರತಿಧ್ವನಿಯ ಬಲ ದೂರದ ನಾಲ್ಕನೇ ಘಾತದಂತೆ ಕುಗ್ಗುತ್ತದೆ. ಶತ್ರುವಿನ ರಿಸೀವರ್‌ಗೆ ನೇರವಾಗಿ ಮುಟ್ಟುವ ಸಂಕೇತ ದೂರದ ವರ್ಗದಂತೆ ಮಾತ್ರ ಕುಗ್ಗುತ್ತದೆ. ದೂರ ಎರಡರಷ್ಟಾದರೆ ನಮಗೆ ಸಿಗುವುದು 16ರಲ್ಲಿ ಒಂದು ಪಾಲು, ಅವನಿಗೆ 4ರಲ್ಲಿ ಒಂದು. ಹೀಗಾಗಿ ನಾವು ಅವನನ್ನು ಕಾಣುವ ಎಷ್ಟೋ ಮೊದಲೇ ಅವನು ನಮ್ಮನ್ನು ಕೇಳಿಸಿಕೊಂಡಿರುತ್ತಾನೆ. ವಾಯುರಕ್ಷಣೆಯ ಹೊಸ ರೇಡಾರ್‌ಗಳು ತರಂಗಾಂತರ ಬದಲಿಸುತ್ತ ಜಿಗಿಯುತ್ತವೆ. ಎಟಿಸಿ ರೇಡಾರ್ ಶಾಂತಿಕಾಲದ ಶಿಸ್ತಿನ ಕೂಸು: ಅದೇ ಜಾಗ, ಅದೇ ತರಂಗಾಂತರ, ದಿನವಿಡೀ ಅದೇ ಸುತ್ತು.

1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಸ್ಟ್ಯಾನ್ಲಿ ಊರಂಚಿನಲ್ಲಿ ಅರ್ಜೆಂಟೀನದವರ ಟಿಪಿಎಸ್-43 ಕಣ್ಗಾವಲು ರೇಡಾರ್ ಇತ್ತು. ಅದನ್ನು ಹೊಡೆಯಲು ಬ್ರಿಟಿಷ್ ವಲ್ಕನ್ ವಿಮಾನ ರೇಡಾರ್ ಸಂಕೇತವನ್ನೇ ಹಿಡಿದು ಸಾಗುವ ಶ್ರೈಕ್ ಕ್ಷಿಪಣಿ ಹೊತ್ತು ಬಂತು. ಮೇ 31ರಂದು ಆದದ್ದು ಸಣ್ಣ ಹಾನಿ. ಜೂನ್ 3ರಂದು ಆಪರೇಟರ್‌ಗಳು ರೇಡಾರ್ ಆರಿಸಿ ಕೂತರು. ವಲ್ಕನ್ ಬಹಳ ಹೊತ್ತು ಸುತ್ತಿ ಕಾದು, ಕೊನೆಗೆ ಫಿರಂಗಿಗಳಿಗೆ ಗುರಿ ತೋರಿಸುತ್ತಿದ್ದ ಸ್ಕೈಗಾರ್ಡ್ ರೇಡಾರನ್ನು ಹೊಡೆಯಿತು. ಆರಿಸಿದ್ದ ರೇಡಾರ್ ಯುದ್ಧ ಮುಗಿಯುವವರೆಗೂ ಉಳಿಯಿತು. ಆದರೆ ಇದನ್ನೇ ನೆಚ್ಚಬೇಡಿ. ಶ್ರೈಕ್ ಸಂಕೇತ ನಿಂತರೆ ದಾರಿ ತಪ್ಪುತ್ತಿತ್ತು, ನಂತರ ಬಂದ ಹಾರ್ಮ್‌ನಂಥವು ಕೊನೆಯ ಸಂಕೇತ ಬಂದ ಜಾಗವನ್ನು ನೆನಪಿಟ್ಟು ಸಾಗಬಲ್ಲವು. ಭಾರತವೂ 2020ರ ಅಕ್ಟೋಬರ್ 9ರಂದು ಸುಖೋಯ್-30ರಿಂದ ಇಂಥದೇ ಕ್ಷಿಪಣಿ ರುದ್ರಂ ಪರೀಕ್ಷಿಸಿತು. ಈ ಆಯುಧ ಈಗ ಯಾರ ಗುತ್ತಿಗೆಯೂ ಅಲ್ಲ.

ಆದ್ದರಿಂದ ಯುದ್ಧಕಾಲದ ನಿಯಮ ತಿರುಗುಮುರುಗು. ರೇಡಾರ್ ಆರಿರುವುದೇ ವಾಡಿಕೆ, ಬೆಳಗುವುದಕ್ಕೆ ಕಾರಣ ಬೇಕು. 1999ರಲ್ಲಿ ಸರ್ಬಿಯದ ಕ್ಷಿಪಣಿ ತುಕಡಿಗಳು ಕೆಲವೇ ಸೆಕೆಂಡು ಪ್ರಸಾರ ಮಾಡಿ ಜಾಗ ಬದಲಿಸಿ ಬದುಕಿದವು. ಟಾಕ್‌ಡೌನ್‌ಗೆ ಆ ಸೌಲಭ್ಯ ಇಲ್ಲ. 140 ನಾಟ್ ವೇಗದ ವಿಮಾನ ನಿಮಿಷಕ್ಕೆ 2.3 ಮೈಲಿ ಬರುತ್ತದೆ. 8 ಮೈಲಿಯಿಂದ ನೆಲ ಮುಟ್ಟಲು ಸುಮಾರು ಮೂರೂವರೆ ನಿಮಿಷ. ಅಷ್ಟು ಹೊತ್ತು ಬೆಳಗಲೇಬೇಕು. ಅದಕ್ಕಿಂತ ಒಂದು ನಿಮಿಷವೂ ಹೆಚ್ಚಾಗದಂತೆ ನೋಡಿಕೊಳ್ಳುವುದು ಕಂಟ್ರೋಲರ್ ಕೆಲಸ.

ವಿಮಾನವನ್ನು ಆ 8 ಮೈಲಿಗೆ ರೇಡಾರ್ ಇಲ್ಲದೆ ತನ್ನಿ. ಡೈರೆಕ್ಷನ್ ಫೈಂಡರ್ ಇಲ್ಲಿ ನಿಜವಾದ ಆಪ್ತಮಿತ್ರ. ಅದು ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ಪೈಲಟ್ ಮಾತನಾಡಿದರೆ ಆ ದಿಕ್ಕು ತೋರಿಸುತ್ತದೆ. ಹಳೆಯ ಕ್ಯೂಜಿಎಚ್ ವಿಧಾನದಲ್ಲಿ ಹೀಗೇ ದಿಕ್ಕು ಹೇಳಿ ವಿಮಾನವನ್ನು ನೆಲೆಯ ನೆತ್ತಿಗೆ ಕರೆದು, ಹೊರಗೆ ಕಳಿಸಿ, ಇಳಿಸುತ್ತ ಒಳಗೆ ತಿರುಗಿಸುತ್ತಾರೆ. ರೇಡಾರ್ ಸದಾ ಉರಿಯುವ ಕಾಲದಲ್ಲಿ ಇದರ ಅಭ್ಯಾಸ ತಪ್ಪಿಹೋಗುತ್ತದೆ, ಬೇಕಾಗುವುದು ಕೆಟ್ಟ ಹೊತ್ತಿನಲ್ಲೇ. ವಿಮಾನಕ್ಕೆ ದಿಕ್ಕು, ದೂರ ಎರಡನ್ನೂ ತಿಳಿಸುವ ಟ್ಯಾಕನ್ ಇದ್ದರೆ ಕೆಲಸ ಸುಲಭ, ಆದರೆ ಅದೂ ಪ್ರಸಾರ ಮಾಡುವ ಯಂತ್ರವೇ ಎಂಬುದು ನೆನಪಿರಲಿ. ಕಾಯುವ ವಿಮಾನಗಳನ್ನು 1,000 ಅಡಿ ಅಂತರದಲ್ಲಿ ಮೇಲೆ ಕೆಳಗೆ ಜೋಡಿಸಿ, ಪ್ರತಿ ವಿಮಾನದ ವಿವರ ಬರೆಯುವ ಸ್ಟ್ರಿಪ್ ಮೇಲೆ ಹೊತ್ತು ಬರೆದಿಡಿ. ಪರದೆಯಲ್ಲಿ 3 ಅಥವಾ 5 ಮೈಲಿ ಅಂತರ ನೋಡಿ ನಡೆಸಿದವರಿಗೆ ನಿಮಿಷ ಎಣಿಸಿ ನಡೆಸುವುದು ಮೊದಲು ಉಸಿರು ಕಟ್ಟಿಸುತ್ತದೆ. ಒಂದೇ ದಾರಿಯಲ್ಲಿ, ಒಂದೇ ಎತ್ತರದಲ್ಲಿ ಬರುವವರ ನಡುವೆ 10 ನಿಮಿಷ ಎಂದರೆ ಅಷ್ಟು ನಿಧಾನ.

ಟ್ರಾನ್ಸ್‌ಮಿಟರನ್ನು ಕೊನೆ ಗಳಿಗೆಯಲ್ಲಿ ತಣ್ಣಗಿನಿಂದ ಎಬ್ಬಿಸಬೇಡಿ. ವಾಲ್ವ್ ಇರುವ ಹಳೆಯ ಸೆಟ್‌ಗಳಿಗೆ ಬಿಸಿಯಾಗಲು ಕೆಲವು ನಿಮಿಷ ಬೇಕು. ಅದನ್ನು ಡಮ್ಮಿ ಲೋಡ್‌ಗೆ ಜೋಡಿಸಿ ಬಿಸಿಯಾಗಿಡಿ: ಶಕ್ತಿ ಒಳಗೇ ಶಾಖವಾಗಿ ಹೋಗುತ್ತದೆ, ಆಂಟೆನಾ ಮೌನವಾಗಿರುತ್ತದೆ. ಪೈಲಟ್ 8 ಮೈಲಿ, 2,500 ಅಡಿ ಎಂದಾಗ ಆಂಟೆನಾಗೆ ತಿರುಗಿಸಿ.

ಮುಂದಿನದು ಲೆಕ್ಕ. 3 ಡಿಗ್ರಿ ಇಳಿಜಾರಿನಲ್ಲಿ ಮೈಲಿಗೆ 318 ಅಡಿ ಇಳಿಯಬೇಕು. ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿದರೆ ನಿಮಿಷಕ್ಕೆ ಇಳಿಯುವ ಅಡಿ ಸುಮಾರಾಗಿ ಸಿಗುತ್ತದೆ: 140ಕ್ಕೆ 700, ಎದುರುಗಾಳಿಯಲ್ಲಿ 120ಕ್ಕೆ 600. ಚಕ್ರ ಇಳಿಸಿದ್ದನ್ನು ಖಚಿತಪಡಿಸಿಕೊಂಡು, ಇನ್ನು ಉತ್ತರ ಕೊಡಬೇಡ ಎಂದು ಹೇಳಿ, ಬಿಡದೆ ಮಾತನಾಡಿ. ದಿಕ್ಕು ತಿದ್ದುವುದು 2-3 ಡಿಗ್ರಿಯಷ್ಟೇ. ಹೊಸಬರು 10 ಡಿಗ್ರಿ ತಿರುಗಿಸಿ ವಿಮಾನವನ್ನು ಹಾವಿನಂತೆ ಹೊರಳಾಡಿಸುತ್ತಾರೆ. ನಿಮ್ಮ ದನಿ 5 ಸೆಕೆಂಡು ನಿಂತರೆ ಪೈಲಟ್ ಮೇಲೇರಿ ಹೋಗಬೇಕು ಎಂಬುದು ನಿಯಮ. ದಾಳಿಯ ಎಚ್ಚರಿಕೆ ಬಂದು ರೇಡಾರ್ ಆರಿಸಬೇಕಾದರೆ ಸುಮ್ಮನಾಗಬೇಡಿ, ಮೇಲೇರು ಎಂದು ಹೇಳಿಯೇ ಆರಿಸಿ.

ಎರಡು ಯುದ್ಧವಿಮಾನ ಜೋಡಿಯಾಗಿ ಬಂದರೆ ಒಂದೇ ಟಾಕ್‌ಡೌನ್‌ನಲ್ಲಿ ಎರಡನ್ನೂ ಇಳಿಸಬಹುದು, ನಾಯಕನಿಗೆ ಮಾತ್ರ ಹೇಳಿದರೆ ಸಾಕು. ಬೆಳಗುವ ಹೊತ್ತು ಅರ್ಧಕ್ಕಿಳಿಯಿತು. ಬಿಡಿಬಿಡಿಯಾಗಿ ಬರುವವರನ್ನೂ ಒಟ್ಟುಗೂಡಿಸಿ ಒಂದೇ ಸರದಿಯಲ್ಲಿ ಇಳಿಸಿ. ಗಂಟೆಗೆ ನಾಲ್ಕು ಸಲ ಹಚ್ಚಿ ಆರಿಸುವುದು ಶತ್ರುವಿಗೆ ನಾಲ್ಕು ಅವಕಾಶ ಕೊಟ್ಟಂತೆ.

ಕಂಟ್ರೋಲರ್‌ಗಳು ಆಂಟೆನಾ ಪಕ್ಕದ ಕ್ಯಾಬಿನ್‌ನಲ್ಲಿ ಕೂರಬಾರದು. ಫೈಬರ್ ಎಳೆದು ಪರದೆಯನ್ನು ನೆಲಮಾಳಿಗೆಗೆ ಒಯ್ಯಿರಿ. ರೇಡಾರ್ ಬೇಟೆಯ ಕ್ಷಿಪಣಿಯ ಚೂರುಗಳು ಆಂಟೆನಾ, ಕೇಬಲ್ ಸೀಳುತ್ತವೆ. ಅವು ಬಂಕರ್ ಒಡೆಯಲೆಂದು ಮಾಡಿದವಲ್ಲ. ವಿದ್ಯುತ್ ಮತ್ತು ಫೈಬರ್ ಒಂದೇ ಕಾಲುವೆಯಲ್ಲಿ ಹೋದರೆ ಒಂದು ಬಾಂಬಿಗೆ ಎರಡೂ ಹೋದವು; ಎರಡು ಬೇರೆ ದಾರಿ ಇರಲಿ. ಬಿಡಿಭಾಗದ ಪೆಟ್ಟಿಗೆಯನ್ನೂ ಆಂಟೆನಾದಿಂದ ದೂರ ಇಡಿ.

ಹತ್ತಿರದಲ್ಲಿ ಬಾಂಬ್ ಬಿದ್ದ ಮೇಲೆ ಪರದೆ ಚೆನ್ನಾಗಿ ಕಾಣುತ್ತಿದೆ ಎಂದು ನಂಬಬೇಡಿ. ಪಿಎಆರ್ ಟ್ರೇಲರ್ ಎತ್ತರದ ದಿಕ್ಕಿನಲ್ಲಿ ಅರ್ಧ ಡಿಗ್ರಿ ವಾಲಿದರೂ 1 ಮೈಲಿಯಲ್ಲಿ 53 ಅಡಿ, 5 ಮೈಲಿಯಲ್ಲಿ 265 ಅಡಿ ತಪ್ಪು. ಮೊದಲು ಲೆವೆಲ್ ನೋಡಿ. ನಂತರ ರನ್‌ವೇ ಬಳಿ ಅಳೆದು ನೆಟ್ಟಿರುವ ರಿಫ್ಲೆಕ್ಟರ್‌ಗಳು ಪರದೆಯ ಗುರುತಿನ ಮೇಲೇ ಬೀಳುತ್ತಿವೆಯೇ ಎಂದು ನೋಡಿ. ರಿಫ್ಲೆಕ್ಟರೇ ಅಲುಗಿರಬಹುದು, ಹಾಗಾಗಿ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ವೇವ್‌ಗೈಡ್‌ನಲ್ಲಿ (ರೇಡಾರ್ ಶಕ್ತಿಯನ್ನು ಆಂಟೆನಾಗೆ ಒಯ್ಯುವ ಲೋಹದ ಕೊಳವೆ) ಒಣಗಾಳಿಯ ಒತ್ತಡ ಇಳಿಯುತ್ತಿದ್ದರೆ ಎಲ್ಲೋ ಚೂರು ತಾಗಿರಬಹುದು. ಮಳೆಗಾಲದಲ್ಲಿ ಅಲ್ಲಿಂದ ತೇವ ಹೊಕ್ಕು ಒಳಗೆ ಕಿಡಿ ಹಾರುತ್ತದೆ. ರಿಫ್ಲೆಕ್ಟರ್ ಪರದೆಯ ಗುರುತಿಗೆ ಕೂಡುವವರೆಗೆ ಎತ್ತರದ ಮಾತು ಹೇಳಬೇಡಿ. ರಿಫ್ಲೆಕ್ಟರ್ ಕೂಡಿದ ಮೇಲೂ ಮೊದಲ ವಿಮಾನವನ್ನು ತಿಳಿಯಾದ ಹವೆಯಲ್ಲಿ, ಪೈಲಟ್ ರನ್‌ವೇ ನೋಡುತ್ತಿರುವಾಗ ಇಳಿಸಿ ತಾಳೆ ಹಾಕಿ.