ಜಗಳದ ಹಿಂದಿನ ಆಲೋಚನೆಯನ್ನು ಹಿಡಿದ ಬಗೆ: ನನ್ನ ಅನುಭವ

ಹುಡುಗರ ಹೊಡೆದಾಟಕ್ಕೆ ಆಪ್ತ ಸಮಾಲೋಚನೆಯಿಂದ ಏನೂ ಆಗದು, ಎರಡೇಟು ಬಿದ್ದರೆ ತಾವೇ ಸರಿಹೋಗುತ್ತಾರೆ ಎಂದು ನಮ್ಮ ಪ್ರೌಢಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ವಾದಿಸಿದವರೇ ಈಗ ತಮ್ಮ ತರಗತಿಯ ಮಕ್ಕಳನ್ನು ಸಮಾಲೋಚನೆಗೆಂದು ನನ್ನ ಬಳಿಗೆ ಕಳುಹಿಸುತ್ತಿದ್ದಾರೆ. ಆದ್ದರಿಂದ ಮೂರು ವರ್ಷದ ಈ ಪ್ರಯತ್ನವನ್ನು ಇದೇ ಕೆಲಸದಲ್ಲಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಸೋತೆ. ಏನಾಯಿತು, ಆಗ ಮನಸ್ಸಿಗೆ ಏನು ಬಂತು ಎಂದು ಬರೆದು ಪರಿಶೀಲಿಸುವ, ಮನೋವೈದ್ಯ ಆರನ್ ಬೆಕ್ ಪದ್ಧತಿಯ ಆಲೋಚನಾ ದಾಖಲೆಯ ಹಾಳೆಗಳನ್ನು ಕನ್ನಡಕ್ಕೆ ತಂದು ಬಣ್ಣದಲ್ಲಿ ಅಚ್ಚು ಹಾಕಿಸಲು ಸುಮಾರು ಆರು ಸಾವಿರ ರೂಪಾಯಿ ಕೈಯಿಂದ ಖರ್ಚಾಯಿತು. ನನಗೆ ಹಿಡಿಸುವ ಉತ್ತರ ಯಾವುದೆಂದು ಊಹಿಸಿ ಮಕ್ಕಳು ಅದನ್ನೇ ತುಂಬಿಕೊಟ್ಟರು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಜಗಳಗಂಟರಾದ ಎಂಟು ಹುಡುಗರನ್ನೇ ಒಟ್ಟಿಗೆ ಕೂರಿಸಿದ್ದು. ಒಬ್ಬ ತನ್ನ ಹೊಡೆದಾಟವನ್ನು ವರ್ಣಿಸಿದರೆ ಉಳಿದ ಏಳು ಮಂದಿ ನಕ್ಕು ಹುರಿದುಂಬಿಸುತ್ತಿದ್ದರು. ತಿಂಗಳೊಳಗೆ ದೂರುಗಳು ಹೆಚ್ಚಾದವು. ಇಂಥ ಗುಂಪುಗಳಿಂದ ಕೇಡು ಹೆಚ್ಚಬಹುದೆಂದು ಮನಶ್ಶಾಸ್ತ್ರಜ್ಞ ಡಿಷನ್ ಮತ್ತು ಸಂಗಡಿಗರು 1999ರಲ್ಲೇ ಎಚ್ಚರಿಸಿದ್ದನ್ನು ಓದಿಯೂ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಫಲ ಕೊಟ್ಟದ್ದು ಆರು ಜನರ ಗುಂಪು, ಅದರಲ್ಲಿ ದೂರು ಬಂದವರು ಇಬ್ಬರೇ. ಮನಶ್ಶಾಸ್ತ್ರಜ್ಞ ಜಾನ್ ಗಿಬ್ಸ್ ಗುರುತಿಸಿದ ನಾಲ್ಕು ಬಗೆಯ ತಿರುಚಿದ ಆಲೋಚನೆಗಳನ್ನು 'ನಾನು ಹೇಳಿದ್ದೇ ಆಗಬೇಕು', 'ತಪ್ಪೆಲ್ಲ ಅವನದೇ', 'ಇದೇನು ಮಹಾ', 'ಅವನು ಬೇಕಂತಲೇ ಮಾಡಿದ' ಎಂದು ಮಕ್ಕಳ ಮಾತಿನಲ್ಲೇ ಹಲಗೆಯ ಮೇಲೆ ಬರೆದೆ. ಅನಂತರ ಯಾರದೆಂದು ತಿಳಿಯದಂತೆ ಬದಲಿಸಿದ ಹಳೆಯ ಜಗಳಗಳನ್ನು ಚೀಟಿಯಲ್ಲಿ ಕೊಟ್ಟು, ಯಾವುದು ಎಲ್ಲಿ ಅಡಗಿದೆ ಎಂದು ಹುಡುಕಿಸಿದೆ. 'ನನ್ನ ನೋಡಿ ನಕ್ಕ ಸಾರ್' ಎಂದು ಸಹಪಾಠಿಯ ಕೈಗೆ ಕೈವಾರದಿಂದ ಚುಚ್ಚಿದ್ದ ಹುಡುಗನೊಬ್ಬ ಐದನೆಯ ವಾರ ಚೀಟಿಯನ್ನು ಬಹಳ ಹೊತ್ತು ಹಿಡಿದು ಕೂತಿದ್ದ. 'ಇವನು ಬೇರೆ ಯಾವುದಕ್ಕೋ ನಕ್ಕಿರಬಹುದಲ್ಲ ಸಾರ್' ಎಂದವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ನಾನು ಮಾತಾಡಲಿಲ್ಲ. ಎರಡು ದಿನದ ಮೇಲೆ ತನ್ನ ಜಗಳದ ಮಾತನ್ನು ತಾನೇ ಎತ್ತಿದ. ಆಗ ಅವನಿಗೆ ಕೇಳಿದ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಮಗುವಿನ ಮುಖ ನೋಡಿಯೇ ಕೇಳಬೇಕು.

ಇದೇ ಚೀಟಿಗಳನ್ನು ಹುಡುಗಿಯರ ಗುಂಪಿನಲ್ಲಿ ಬಳಸಿ ನೋಡಿದಾಗ ಹೊಂದಲಿಲ್ಲ. ಅಲ್ಲಿ ಕೇಳಿಬಂದದ್ದು 'ಎಲ್ಲ ನನ್ನಿಂದಲೇ ಆಯಿತು', 'ಎಲ್ಲರೂ ನನ್ನನ್ನೇ ಆಡಿಕೊಳ್ಳುತ್ತಾರೆ' ಎಂಬ ಮಾತುಗಳು. ಅವರಿಗೆ ಬೇರೆಯದೇ ಚೀಟಿಗಳು ಬೇಕಾದವು. ಕೈ ಕೊಯ್ದುಕೊಂಡ ಗುರುತಿದ್ದ ಒಬ್ಬಳನ್ನು ಮಾತ್ರ ಗುಂಪಿಗೆ ಸೇರಿಸದೆ, ಅಂದೇ ಪೋಷಕರನ್ನು ಕರೆಸಿ ಮನೋವೈದ್ಯರ ಬಳಿಗೆ ಕಳುಹಿಸಿದೆ.

ತಿಂಗಳಿಗೆ ಹನ್ನೆರಡು ಹದಿಮೂರರಷ್ಟಿದ್ದ ದೂರುಗಳು ಮೂರನೆಯ ವರ್ಷ ಮೂರು ನಾಲ್ಕಕ್ಕೆ ಇಳಿದವು. ಚೀಟಿಯ ಕಾಗದಕ್ಕೆ ಆದ ಖರ್ಚು ವರ್ಷಕ್ಕೆ ಇನ್ನೂರು ರೂಪಾಯಿ ದಾಟಲಿಲ್ಲ. ಬೇಸಿಗೆ ರಜೆ ಮುಗಿಸಿ ಬಂದಾಗ ಕೆಲವರು ಹಳೆಯ ದಾರಿಗೆ ಮರಳಿರುತ್ತಾರೆ. ಅದಕ್ಕಾಗಿ ಈಗ ಜೂನ್ ಮೊದಲ ವಾರವೇ ಚೀಟಿ ತೆಗೆಯುತ್ತೇನೆ.