ಗ್ರಾಫಿಕ್ಸ್ ಕಾರ್ಡು ರಿಪೇರಿಯಾ, ಹೊಸತಾ? ನನ್ನ ಅನುಭವ

ನಾನು ಕುಂಬಳೆಯಲ್ಲಿ ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಎಡಿಟಿಂಗ್ ಮಾಡುವವ. ಕಳೆದ ತುಲಾ ಮಾಸದಲ್ಲಿ ಒಂದು ಸಂಜೆ ಯಕ್ಷಗಾನ ಆಟದ ಫೂಟೇಜಿಗೆ ಕಲರ್ ಮಾಡ್ತಾ ಇದ್ದೆ, ವೇಷದ ಕಿರೀಟದ ಮೇಲೆಲ್ಲ ಹಸಿರು ಚುಕ್ಕೆ ಕಾಣ್ಲಿಕ್ಕೆ ಶುರು. ಕ್ಯಾಮೆರಾದ್ದೇ ತೊಂದರೆ ಅಂತ ಗ್ರಹಿಸಿದೆ, ನೋಡಿದ್ರೆ ಮೌಸಿನ ಸುತ್ತಲೂ ಅದೇ ಚುಕ್ಕೆ, ಮತ್ತೆ ಸ್ಕ್ರೀನೇ ಕಪ್ಪು. ಹೊರಗೆ ಗುಡುಗು ಬೇರೆ, ಮನೆಯಲ್ಲಿ ಎಲ್ಲರೂ ಸಿಡಿಲಿಗೇ ಹೋದದ್ದು ಅಂತ ತೀರ್ಪು ಕೊಟ್ಟಾಗಿತ್ತು.

ನನ್ನ ಗ್ರಾಫಿಕ್ಸ್ ಕಾರ್ಡು (ಕಂಪ್ಯೂಟರಲ್ಲಿ ಸ್ಕ್ರೀನಿಗೆ ಚಿತ್ರ ಮಾಡಿ ಕಳಿಸುವ ಭಾಗ) ಜಿಟಿಎಕ್ಸ್ 1060, 6 ಜಿಬಿ ಮೆಮೊರಿಯದ್ದು. 2016ರ ಮಾಡೆಲ್, ನಾನು ತಕೊಂಡದ್ದು 2018ರಲ್ಲಿ. ಎರಡು ವರ್ಷದ ಹಿಂದೆ ಇದರದ್ದೇ ಫ್ಯಾನ್ ಕರಕರ ಅಂತಿತ್ತು, ಆಗ ಯೋಚನೆಯೇ ಮಾಡ್ಲಿಲ್ಲ, 650 ರೂಪಾಯಿಗೆ ಜೋಡಿ ಫ್ಯಾನ್ ತರಿಸಿ ನಾನೇ ಹಾಕಿ ಚಿಪ್ಪಿನ ಬಿಸಿ ದಾಟಿಸುವ ಪೇಸ್ಟೂ ಬದಲಿಸಿದೆ. ಫ್ಯಾನು, ಪೇಸ್ಟು, ಪ್ಯಾಡು ಇಷ್ಟಕ್ಕೆಲ್ಲ ಕಾರ್ಡು ಬಿಸಾಡ್ಬಾರ್ದು ಮಾರಾಯ್ರೆ.

ಈ ಸಲ ಹಾಗಲ್ಲ. ಕಾರ್ಡು ತೆಗ್ದು ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಲ್ಲಿ ಉಜ್ಜಿದೆ, ಧೂಳು ಊದಿದೆ (ಪಕ್ಕದ ಅಂಗಳದಲ್ಲಿ ಅಡಿಕೆ ಸುಲಿಯುವುದು, ಧೂಳಿಗೆ ಎಂತ ಬರಗಾಲ), ದೋಸ್ತಿಯ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) ತಂದು ಹಾಕಿದೆ, ಎಂತದೂ ವ್ಯತ್ಯಾಸ ಇಲ್ಲ. ಆಮೇಲೆ ಆಫ್ಟರ್‌ಬರ್ನರ್ ಅಂತ ಕಾರ್ಡಿನ ವೇಗ ಹೊಂದಿಸುವ ಪ್ರೋಗ್ರಾಮಲ್ಲಿ ಕೋರ್ ಕ್ಲಾಕ್ (ಮುಖ್ಯ ಚಿಪ್ಪಿನ ವೇಗ) ಇಳಿಸಿದೆ, ಅದಕ್ಕೂ ಬಗ್ಗಲಿಲ್ಲ. ಮೆಮೊರಿ ಕ್ಲಾಕ್ 400 ಮೆಗಾಹರ್ಟ್ಸ್ ಇಳಿಸಿದ್ರೆ ಅರ್ಧ ಗಂಟೆ ಎಳೀತಿತ್ತು. ಅಲ್ಲಿಗೆ ಸಿಡಿಲು ಬಿಟ್ಟು ಸಂಶಯ ಮೆಮೊರಿ ಮೇಲೆ ಬಂತು. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿ, ಸರಿ ಆಗ್ತದೆ ಅಂತ ಒಬ್ರು ಹೇಳಿದ್ರು. ಅದರಲ್ಲಿ ಕೆಲವು ದಿನ ಜೀವ ಬರುವುದುಂಟು, ಆದ್ರೆ ಅದು ರಿಪೇರಿ ಅಲ್ಲ, ನಾನು ಮಾಡ್ಲಿಲ್ಲ.

ಕಾರ್ಡನ್ನು ಪೇಪರಲ್ಲಿ ಸುತ್ತಿ ಮಂಗಳೂರಿಗೆ ರೈಲು ಹತ್ತಿದೆ. ಅಲ್ಲಿ ರಿಪೇರಿಯವ ಹೇಳಿದ, "ಅಣ್ಣಾ, ಒಂದು ಮೆಮೊರಿ ಚಿಪ್ ಹೋಗಿದ್ರೆ ಮೂರೂವರೆ ಸಾವಿರಕ್ಕೆ ಹಾಕಿ ಕೊಡ್ತೇನೆ, ಮೊದ್ಲು ಟೆಸ್ಟ್ ಮಾಡುವ." ಈ ಕಾರ್ಡಲ್ಲಿ 1 ಜಿಬಿಯ 6 ಚಿಪ್ ಉಂಟು, ಪೆನ್‌ಡ್ರೈವಿಂದ ಬೂಟ್ ಮಾಡಿ ಮ್ಯಾಟ್ಸ್ ಅಂತ ಪ್ರೋಗ್ರಾಮ್ ಓಡಿಸಿದ್ರೆ ಯಾವುದರಲ್ಲಿ ಎರರ್ ಅಂತ ತೋರಿಸ್ತದೆ. ನನ್ನದ್ರಲ್ಲಿ ಮೂರು ಚಿಪ್ಪಲ್ಲಿ ಎರರ್. ಅವ ಹೀಟ್‌ಸಿಂಕನ್ನು (ಚಿಪ್ಪಿನ ಬಿಸಿ ಎಳೆಯುವ ಲೋಹದ ತುಂಡು) ಹೆಬ್ಬೆರಳಲ್ಲಿ ಮೆಲ್ಲ ಅದುಮಿ ಪುನಃ ಓಡಿಸಿದ, ಈಗ ಎರರ್ ಬೇರೆಯೇ ಚಿಪ್ಪಲ್ಲಿ! ಇಬ್ರೂ ಮುಖ ಮುಖ ನೋಡಿಕೊಂಡೆವು. ತಪ್ಪು ಮೆಮೊರಿ ಚಿಪ್ಪಿದ್ದಲ್ಲ, ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಅಡಿಯ ಸೋಲ್ಡರೋ, ಇಲ್ಲಾ ಜಿಪಿಯುವೇ. ರೀಬಾಲ್ ಮಾಡ್ಲಿಕ್ಕೆ (ಜಿಪಿಯು ಎಬ್ಬಿಸಿ ಅಡಿಗೆ ಹೊಸ ಸೋಲ್ಡರ್ ಗುಂಡು ಕೂರಿಸ್ಲಿಕ್ಕೆ) 5,500, ವಾರಂಟಿ 30 ದಿನ, "ಅದೂ ನಿಲ್ತದೆ ಅಂತ ನಾನು ಹೇಳುದಿಲ್ಲ ಅಣ್ಣಾ" ಅಂದ. ಆ ಮಾತಿಗೆ ಅವನ ಮೇಲೆ ನಂಬಿಕೆ ಬಂತು.

ಒಂದೇ ಚಿಪ್ ಆಗಿದ್ರೆ ಖಂಡಿತ ರಿಪೇರಿ ಮಾಡಿಸ್ತಿದ್ದೆ. ಆದ್ರೆ ಈ ಸೀರೀಸಿಗೆ 2025ರ ಅಕ್ಟೋಬರಿಗೆ ಹೊಸ ಗೇಮ್ ರೆಡಿ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ನಿಂತಿದೆ, ಇನ್ನು ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ, ಅದೂ 2028ರವರೆಗೆ. ಅದಕ್ಕೆ 5,500 ಸುರಿಯುವುದಾ?

ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3060 ಕಂಡು ಆಸೆ ಆಯ್ತು, 12 ಜಿಬಿ ಅಲ್ವಾ. ಆದ್ರೆ ಅದು 170 ವ್ಯಾಟ್ ತಿಂತದೆ, 550 ವ್ಯಾಟಿನ ಎಸ್‌ಎಂಪಿಎಸ್ ಬೇಕು ಅಂತಾರೆ, ನನ್ನದು 450. ಕಾರ್ಡಿನ ರೇಟು ಮಾತ್ರ ನೋಡಿ ಹೊರಟಿದ್ರೆ ಅಲ್ಲೇ ಜಾರ್ತಿದ್ದೆ. ಕಡೆಗೆ ಹೊಸ 3050, 6 ಜಿಬಿಯದ್ದು, 17,200 ಆಯ್ತು: 70 ವ್ಯಾಟ್, ಮದರ್‌ಬೋರ್ಡಿನ ಸ್ಲಾಟೇ 75 ಕೊಡ್ತದೆ, ಹಾಗಾಗಿ ಬೇರೆ ಕೇಬಲ್ಲೂ ಬೇಡ, ಮೂರು ವರ್ಷ ವಾರಂಟಿ. ಮೆಮೊರಿ ಬಸ್ (ಮೆಮೊರಿಗೆ ಡೇಟಾ ಹೋಗಿ ಬರುವ ದಾರಿಯ ಅಗಲ) ಮಾತ್ರ ಹಳೇದ್ರಲ್ಲಿ 192 ಬಿಟ್ ಇದ್ದದ್ದು 96ಕ್ಕೆ ಇಳಿದಿದೆ, ಅದೊಂದು ಬೇಜಾರು. ಎಕ್ಸ್‌ಪೋರ್ಟ್ ಸ್ವಲ್ಪ ಬೇಗ ಆಗ್ತದೆ, ಹಾರಿ ಹೋಗುವಷ್ಟೇನಿಲ್ಲ.

ಹೊಸತು ಬರುವವರೆಗೆ ಹತ್ತು ದಿನ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಲ್ಲೇ ಒಂದು ಉಪನಯನ ಮುಗಿಸಿದೆ, ಕಟಿಂಗ್ ಮಾತ್ರ, ಕಲರಿಗೆ ಕೈ ಹಾಕ್ಲಿಲ್ಲ. ಹಳೇ ಕಾರ್ಡನ್ನು ಬಿಡಿಭಾಗಕ್ಕೆ ಅಂತ ಆ ರಿಪೇರಿಯವನಿಗೇ ಕೊಟ್ಟೆ, 500 ಕೊಟ್ಟ. ಫ್ಯಾನ್ ಜೋಡಿಯನ್ನು ಬಿಚ್ಚಿ ತಂದಿದ್ದೇನೆ, ಅದು ನನ್ನ ದುಡ್ಡಿನದ್ದು.