ಯುದ್ಧದ ವರ್ಷದ ಎಸ್ಸೆಸ್ಸೆಲ್ಸಿ ಗೆಳೆಯರ ನಗೆಚಿತ್ರ: ನಾನು ಬರೆದ ಬಗೆ

ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಪುಸ್ತಕ, ಒಬ್ಬೊಬ್ಬ ಗೆಳೆಯರ ಬಗ್ಗೆ ಒಂದೊಂದು ಪುಟ ಮಾತಿನಲ್ಲೇ ಬರೆದ ನಗೆಚಿತ್ರಗಳದ್ದು, ಎರಡನೇ ಸಲ ಅಚ್ಚಾಯಿತು. ಮೊದಲು ತಮಾಷೆ ಬೇಡ ಅಂದವರೇ ಈಗ ಮಗಳಿಗೆ, ಬೀಗರಿಗೆ ಕೊಡಬೇಕು ಅಂತ ಪ್ರತಿ ಕೇಳುತ್ತಿದ್ದಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದಿಡೋಣ ಅನ್ನಿಸಿತು. ಸ್ಮರಣ ಸಂಚಿಕೆ ಮಾಡಿ ಕೈಸುಟ್ಟುಕೊಂಡ ನನ್ನಂಥವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಅಕ್ಷರ ಜೋಡಣೆ, ಪ್ರೂಫು ತಿದ್ದುವುದು, ಅಚ್ಚಿನ ಪುಟಗಳ ಲೆಕ್ಕ ಎಲ್ಲ ಅಂಥವರಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಾವು ಎಸ್ಸೆಸ್ಸೆಲ್ಸಿ ಓದಿದ್ದು 1971–72ರಲ್ಲಿ, ಬೆಂಗಳೂರಿನ ಪೂರ್ವದ ಕಡೆ, ಎಚ್‌ಎಎಲ್ ವಿಮಾನ ಕಾರ್ಖಾನೆಗೆ ಹತ್ತಿರದ ಒಂದು ಶಾಲೆಯಲ್ಲಿ. ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ಬಾಂಗ್ಲಾದೇಶ ಹುಟ್ಟಿದ ಯುದ್ಧ ನಡೆದ ವರ್ಷ ಅದು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಉತ್ತರದಲ್ಲಿ ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು, 16ರ ಸಂಜೆ ಢಾಕಾದಲ್ಲಿ ಅವರ ಸೈನ್ಯ ಶರಣಾಯಿತು. ಗಡಿ ನಮಗೆ ಎಷ್ಟೋ ದೂರ. ಆದರೆ ನ್ಯಾಟ್ ಯುದ್ಧವಿಮಾನ ಮಾಡುತ್ತಿದ್ದದ್ದು ನಮ್ಮ ಊರಲ್ಲಿ, ಮಾರುತ್ ಯುದ್ಧವಿಮಾನ ಮಾಡುತ್ತಿದ್ದದ್ದೂ ಇಲ್ಲೇ. ಶಾಲೆಯ ಅರ್ಧ ಮಕ್ಕಳ ಅಪ್ಪಂದಿರು ಅದೇ ಕಾರ್ಖಾನೆಗೆ ಹೋಗುವವರು. ಹಾಗಾಗಿ ಬಾಂಬು ಬಿದ್ದರೆ ಮೊದಲು ನಮ್ಮ ತಲೆ ಮೇಲೇ ಅಂತ ನಾವೆಲ್ಲ ನಂಬಿದ್ದೆವು. ಮೈದಾನದಲ್ಲಿ ಕಂದಕ ತೋಡಿದ್ದೆವು, ಕಿಟಕಿ ಗಾಜಿಗೆ ಕಂದು ಕಾಗದ ಅಂಟಿಸಿದ್ದೆವು, ರಾತ್ರಿ ದೀಪ ಆರಿಸಿ ಕೂರುತ್ತಿದ್ದೆವು. ಇದರ ಮಧ್ಯೆ ಆಲ್ಜೀಬ್ರಾ.

ಐವತ್ತು ವರ್ಷ ತುಂಬಿದಾಗ ಪುಸ್ತಕ ಮಾಡೋಣ ಅಂತ ಮಾತು ಬಂತು. ಮಾಮೂಲಿ ಸಂಚಿಕೆ ನನಗೆ ಬೇಡವಾಗಿತ್ತು. ಗಣ್ಯರ ಸಂದೇಶ, ಗುರುವಂದನೆಯ ಶಾಲು, ಹಿಂದೆ ಜಾಹೀರಾತು. ತನ್ನ ಫೋಟೊ ಇರುವ ಪುಟ ನೋಡಿ ಮುಚ್ಚಿಟ್ಟರೆ ಮತ್ತೆ ಯಾರೂ ತೆಗೆಯುವುದಿಲ್ಲ. ಪ್ರತಿಯೊಬ್ಬರ ಬಗ್ಗೆ ಒಂದು ಪುಟ, ನಗಿಸುವ ಹಾಗೆ, ಪ್ರೀತಿಯಿಂದ, ಆ ವರ್ಷ ಅವರು ಇದ್ದ ಹಾಗೆ ಬರೆಯುತ್ತೇನೆ ಅಂದೆ. ಗುಂಪಿನಲ್ಲಿ ಗಲಾಟೆಯೇ ಆಯಿತು. ಎಲ್ಲರಿಗೂ ಅರವತ್ತೈದು ದಾಟಿದೆ, ಈಗ ತಮಾಷೆ ಮಾಡಿದರೆ ಬೇಜಾರಾಗುತ್ತದೆ ಅಂದರು. ಯುದ್ಧದ ವಿಷಯದಲ್ಲಿ ನಗೆ ಎಂಥದ್ದು ಅಂತ ಇನ್ನೊಬ್ಬರು. ನಾನು ಮಾಡಿಯೇ ತೋರಿಸುತ್ತೇನೆ ಅಂದೆ, ತೋರಿಸಿದೆ.

ಮೊದಲು ಸೋತದ್ದು ಹೇಳುತ್ತೇನೆ. ಆನ್‌ಲೈನ್ ಫಾರಂ ಕಳಿಸಿ ಹತ್ತು ಪ್ರಶ್ನೆ ಕೇಳಿದೆವು. ಬಂದ ಉತ್ತರ ಎಲ್ಲ ಒಂದೇ: 'ಆ ದಿನಗಳು ಮರೆಯಲಾಗದ್ದು', 'ಮೇಷ್ಟ್ರು ದೇವರಂಥವರು'. ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ. ನೀವೇ ನಿಮ್ಮ ಬಗ್ಗೆ ಒಂದು ಪುಟ ಬರೀರಿ ಅಂದಾಗ ಇನ್ನೂ ಕೆಟ್ಟದಾಯಿತು. ಸರ್ವಿಸ್ ರೆಕಾರ್ಡು ಬಂತು, ಪ್ರಮೋಷನ್ ತಾರೀಖಿನ ಸಮೇತ. ಆಮೇಲೆ ನಾಲ್ಕೈದು ಜನರನ್ನು ಒಟ್ಟಿಗೆ ಗಾಂಧಿ ಬಜಾರಿನ ಹೋಟೆಲಿನಲ್ಲಿ ಕೂರಿಸಿ ಮಾತಾಡಿಸಿದೆ. ಬಿಲ್ಲು ಎಂಟುನೂರರ ಹತ್ತಿರ ಬಂತು. ಮಾತೆಲ್ಲ ಸಕ್ಕರೆ ಕಾಯಿಲೆ ಮತ್ತು ಮಗನ ಫ್ಲಾಟಿನ ಇಎಂಐ ಬಗ್ಗೆ.

ಕೆಲಸ ಮಾಡಿದ್ದು ಇದು. ಒಬ್ಬರ ಬಗ್ಗೆ ಅವರನ್ನೇ ಕೇಳಬಾರದು, ಅವರ ಬೆಂಚಿನ ಹಿಂದೆ ಕೂತವರನ್ನು ಕೇಳಬೇಕು. ಪಕ್ಕದವನಿಗಿಂತ ಹಿಂದಿನವನಿಗೆ ಜಾಸ್ತಿ ನೆನಪಿರುತ್ತದೆ, ವರ್ಷಪೂರ್ತಿ ಅವನು ನೋಡಿದ್ದು ಇವನ ಬೆನ್ನು ಮತ್ತು ಇವನ ಕಿತಾಪತಿ. ಫೋನು ಮಾಡಿದಾಗ ಮೊದಲು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದರೆ ಅರವತ್ತಾರರವರು ಹದಿನಾರಕ್ಕೆ ಇಳಿದುಬಿಡುತ್ತಾರೆ. ಅದನ್ನು ಹುಡುಕೋಕೆ ನನಗೆ ತಿಂಗಳುಗಟ್ಟಲೆ ಹಿಡಿಯಿತು, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಎರಡನೆಯದು, ಈಗಿನ ಸುದ್ದಿ ಒಂದು ಸಾಲೂ ಬೇಡ. ಯಾರು ಚೀಫ್ ಎಂಜಿನಿಯರ್ ಆದರು, ಯಾರ ಮಗಳು ಅಮೆರಿಕದಲ್ಲಿದ್ದಾಳೆ, ಏನೂ ಇಲ್ಲ. ಕೊನೆಯ ಪೇಪರು ಬರೆದು ಗೇಟು ದಾಟಿದ ಹೊತ್ತಿಗೆ ಚಿತ್ರ ಮುಗಿಯಬೇಕು. ಇದಕ್ಕೆ ವಿರೋಧ ಜೋರಿತ್ತು. ಆದರೆ ಇದರಿಂದಲೇ ಬ್ಯಾಂಕ್ ಮ್ಯಾನೇಜರೂ ಆಟೋ ಓಡಿಸಿದವನೂ ಪುಸ್ತಕದಲ್ಲಿ ಸರಿಸಮ ಆದರು.

ಮೂರನೆಯದು ತಾರೀಖು. ನೆನಪು ಮೋಸ ಮಾಡುತ್ತದೆ. ಗೆದ್ದ ಸುದ್ದಿ ಸೋಮವಾರ ಬೆಳಗ್ಗೆ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಹೇಳಿದರು ಅಂತ ಐದಾರು ಜನ ಆಣೆ ಮಾಡಿ ಹೇಳಿದರು. ಡಿಸೆಂಬರ್ 16 ಗುರುವಾರ. ಶರಣಾಗತಿಗೆ ಸಹಿ ಬಿದ್ದದ್ದು ಸಂಜೆ ನಾಲ್ಕೂವರೆಗೆ. ಅಂದರೆ ಪ್ರಾರ್ಥನೆ ನಡೆದದ್ದು ಶುಕ್ರವಾರವೇ. ವಾರ ಸರಿಮಾಡಿದ ಮೇಲೆ ಉಳಿದದ್ದೂ ತಾನಾಗಿ ಬಂತು. ಶುಕ್ರವಾರ ಅಂದರೆ ಮೊದಲ ಪೀರಿಯಡ್ಡು ಡ್ರಿಲ್ಲು ಅಲ್ವಾ, ಅಂದೊಬ್ಬ. ಹೌದು, ಅವತ್ತು ಪಿಟಿ ಮೇಷ್ಟ್ರು ಕುಣಿದದ್ದು, ಅಂದ ಇನ್ನೊಬ್ಬ. ಒಂದು ತಾರೀಖಿನಿಂದ ಮೂರು ಚಿತ್ರ ಎದ್ದು ನಿಂತವು.

ಕೆಲವು ಚಿತ್ರಗಳ ಸಾರ ಹೇಳುತ್ತೇನೆ, ಒಪ್ಪಿಗೆ ಕೊಟ್ಟವರದ್ದು ಮಾತ್ರ, ಅಡ್ಡಹೆಸರಿನಲ್ಲಿ.

'ಢಾಕಾ' ಅಂತ ಒಬ್ಬ. ಅವನ ಮನೆಯಲ್ಲಿ ದೊಡ್ಡ ರೇಡಿಯೊ ಇತ್ತು. ಯುದ್ಧ ಶುರುವಾಗಿ ಮೂರು ನಾಲ್ಕು ದಿನಕ್ಕೇ ಕ್ಲಾಸಿಗೆ ನುಗ್ಗಿ 'ಢಾಕಾ ಬಿತ್ತು' ಅಂದ. ಮರುದಿನ ಮತ್ತೆ ಬಿತ್ತು. ದಿನಾ ಬೀಳುತ್ತಿತ್ತು. ಕೊನೆಗೆ 16ರ ರಾತ್ರಿ, ನಿಜವಾಗಿ ಬಿದ್ದ ಮೇಲೆ, ಬೀದಿ ಬೀದಿ ಸುತ್ತಿ ಗೆಳೆಯರ ಮನೆ ಬಾಗಿಲು ತಟ್ಟಿದರೆ ಒಬ್ಬರೂ ನಂಬಲಿಲ್ಲ. ಒಬ್ಬನ ಅಜ್ಜಿ 'ನಿನ್ನೇನೂ ಬಿದ್ದಿತ್ತಲ್ಲಪ್ಪಾ, ಹೋಗಿ ಮಲಕ್ಕೋ' ಅಂದು ಕದ ಹಾಕಿಕೊಂಡರು.

ಇನ್ನೊಬ್ಬನ ಅಪ್ಪ ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುವ ವಿಭಾಗದಲ್ಲಿದ್ದರು. ಕಾರ್ಖಾನೆಯ ವಿಷಯ ಹೊರಗೆ ಮಾತಾಡಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಅವನು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದ ಅಂದರೆ, ಅಪ್ಪ ಯಾವ ಶಿಫ್ಟು ಅಂದರೂ 'ಹೇಳಬಾರದು', ಅಪ್ಪ ಮನೆಯಲ್ಲಿದ್ದಾರಾ ಅಂದರೂ 'ಹೇಳಬಾರದು', ಮಧ್ಯಾಹ್ನ ಡಬ್ಬಿಯಲ್ಲಿ ಏನೋ ಅಂದರೂ 'ಹೇಳಬಾರದು'. ಡಬ್ಬಿಯನ್ನು ಅರ್ಧ ಮುಚ್ಚಿಕೊಂಡೇ ತಿನ್ನುತ್ತಿದ್ದ. ಚಿತ್ರಾನ್ನದ ವಾಸನೆ ಮಾತ್ರ ಎರಡು ಬೆಂಚು ದಾಟುತ್ತಿತ್ತು.

ಬಾಯಲ್ಲೇ ಸೈರನ್ ಕೂಗುವವನೊಬ್ಬ. ಗಣಿತದ ಪೀರಿಯಡ್ಡಿನಲ್ಲಿ ಒಂದು ದಿನ ಕೂಗಿಬಿಟ್ಟ, ಕ್ಲಾಸಿಗೆ ಕ್ಲಾಸೇ ಬೆಂಚಿನ ಕೆಳಗೆ. ಮೇಷ್ಟ್ರೂ ಮೇಜಿನ ಕೆಳಗೆ, ಕೈಯಲ್ಲಿ ಚಾಕ್‌ಪೀಸು ಹಾಗೇ. ಅಲ್ಲಿಂದಲೇ ಅವರು ಲೆಕ್ಕದ ಮುಂದಿನ ಮೆಟ್ಟಿಲು ಹೇಳಿದರು ಅನ್ನುವುದನ್ನು ಮೂವರು ಬೇರೆ ಬೇರೆಯಾಗಿ ಹೇಳಿದ್ದಾರೆ, ಹಾಗಾಗಿ ಹಾಕಿದೆ.

ಸ್ಟಾಂಪು ಕೂಡಿಸುವವನ ಕತೆ ನನಗೆ ಬಲು ಇಷ್ಟ. ಆ ನವೆಂಬರಿನಿಂದ ಕಾಗದದ ಮೇಲೆ ಮಾಮೂಲಿ ಸ್ಟಾಂಪಿನ ಜೊತೆ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪರಿಹಾರದ 5 ಪೈಸೆ ಸ್ಟಾಂಪನ್ನೂ ಹಚ್ಚಬೇಕಾಗಿತ್ತು. ಇವನು ಬೀದಿಯವರಿಗೆಲ್ಲ 'ಊರಿಗೆ ಕಾಗದ ಬರೀರಿ, ನಿರಾಶ್ರಿತರಿಗೆ ಅನ್ನ ಸಿಗುತ್ತೆ' ಅಂತ ಹುರಿದುಂಬಿಸುತ್ತಿದ್ದ. ಕಾಗದ ಬಂದ ಮನೆಗೆ ಪೋಸ್ಟ್‌ಮ್ಯಾನ್ ಹಿಂದೆಯೇ ಹೋಗಿ ಸ್ಟಾಂಪು ಬಿಡಿಸಿಕೊಳ್ಳುತ್ತಿದ್ದ. ಅವನಿಂದಾಗಿ ಮಾತುಬಿಟ್ಟ ಅಣ್ಣತಮ್ಮಂದಿರು ಮತ್ತೆ ಕಾಗದ ಬರೆದುಕೊಂಡರು ಅಂತ ಅವನ ಬೀದಿಯವರ ಮಾತು.

ಕಷ್ಟದ್ದು ಒಂದು ಚಿತ್ರ. ನಮ್ಮ ಕ್ಲಾಸಿನ ಹುಡುಗಿಯೊಬ್ಬರ ಅಣ್ಣ ಆ ಯುದ್ಧದಿಂದ ವಾಪಸು ಬರಲಿಲ್ಲ. ಅವರ ಪುಟ ಏನು ಮಾಡೋದು ಅಂತ ಯಾರಿಗೂ ತೋಚಲಿಲ್ಲ. ಗಂಭೀರವಾಗಿ ಒಂದು ನುಡಿನಮನ ಹಾಕಿ ಮುಗಿಸು ಅಂದರು. ನಾನು ಅವರಿಗೇ ಫೋನು ಮಾಡಿದೆ. ಆಗ ಹುಡುಗರು ಹುಡುಗಿಯರು ಮಾತಾಡುತ್ತಲೇ ಇರಲಿಲ್ಲ, ಹಾಗಾಗಿ ಈಗಲೂ ನಾವು 'ನೀವು' ಅಂತಲೇ ಮಾತಾಡುವುದು. ಅವರು ಹೇಳಿದ್ದು ಇಷ್ಟು: 'ಅವತ್ತಿನಿಂದ ನನ್ನ ಮುಂದೆ ಎಲ್ಲರೂ ನಗೋದೇ ಬಿಟ್ರು. ಪರೀಕ್ಷೆ ಮುಗಿಯೋವರೆಗೂ ಒಬ್ಬರೂ ತಮಾಷೆ ಮಾಡಲಿಲ್ಲ. ನನ್ನ ಮೇಲೂ ಬರೀರಿ.'

ಬರೆದೆ. ಸೈನಿಕರಿಗೆ ಅಂತ ಅವರು ಹೆಣೆದ ಸ್ವೆಟರಿನ ಬಗ್ಗೆ ಬರೆದೆ. ಬಲಗೈ ತೋಳು ಎಡಗೈಗಿಂತ ನಾಲ್ಕು ಬೆರಳು ಉದ್ದ. ಟೀಚರು ಬಿಚ್ಚಿ ಸರಿಮಾಡು ಅಂದರೆ 'ಬಂದೂಕು ಹಿಡಿಯೋ ಕೈ ಮೇಡಂ, ಚಳಿಯಾಗಬಾರದು' ಅಂದಿದ್ದರು. ರಕ್ಷಣಾ ನಿಧಿಗೆ ಹತ್ತು ಹತ್ತು ಪೈಸೆ ಎತ್ತುವಾಗ ಬಾಕಿ ಇಟ್ಟ ಹೆಡ್‌ಮಾಸ್ಟರ ಕೋಣೆ ಬಾಗಿಲಲ್ಲಿ ನೋಟುಪುಸ್ತಕ ಹಿಡಿದು ನಿಂತದ್ದನ್ನೂ ಸೇರಿಸಿದೆ. ಅಣ್ಣನ ಬಗ್ಗೆ ಒಂದೇ ಸಾಲು: ಮೊದಲ ಸ್ವೆಟರಿಗೆ ಅಳತೆ ಕೊಟ್ಟವರು ಅವರು. ಫೋನಿನಲ್ಲಿ ಓದಿ ಹೇಳಿದೆ. ಅವರು ಜೋರಾಗಿ ನಕ್ಕರು, ಅತ್ತರು, ತೋಳು ನಾಲ್ಕು ಬೆರಳಲ್ಲ, ಮೂರೇ ಅಂತ ತಿದ್ದಿಸಿದರು. ಅಲ್ಲಿಂದ ಮುಂದೆ ಗುಂಪಿನಲ್ಲಿ ಒಬ್ಬರೂ ನಗೆ ಬೇಡ ಅನ್ನಲಿಲ್ಲ.

ಹೀಗೆ ಎಲ್ಲರಿಗೂ ಓದಿ ಹೇಳಿಯೇ ಅಚ್ಚಿಗೆ ಕೊಟ್ಟಿದ್ದು. ತೀರಿಕೊಂಡವರದ್ದನ್ನು ಅವರ ಮನೆಯವರಿಗೆ ಓದಿದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ, ಕಳಿಸಿದರೆ ಮಗನಿಗೆ, ಅಳಿಯನಿಗೆ ತೋರಿಸುತ್ತಾರೆ, ಅವರು ತಿದ್ದುತ್ತಾರೆ. ಬಾಯಲ್ಲಿ ಓದಿದರೆ ನಗು ಎಲ್ಲಿ ಬರುತ್ತೆ, ಎಲ್ಲಿ ಉಸಿರು ನಿಲ್ಲುತ್ತೆ ನಮಗೇ ಕೇಳುತ್ತದೆ. ಉಸಿರು ನಿಂತ ಸಾಲನ್ನು ನಾನು ಕೇಳದೆಯೇ ತೆಗೆದುಬಿಡುತ್ತಿದ್ದೆ.

ಮಧ್ಯೆ ಇನ್ನೂ ಏನೇನೋ ಮಾಡಿ ನೋಡಿದೆ. ಕಲಾಶಾಲೆಯ ಹುಡುಗನೊಬ್ಬನಿಂದ ವ್ಯಂಗ್ಯಚಿತ್ರ ಬರೆಸಿದೆ, ಒಂದಕ್ಕೆ ಮುನ್ನೂರು ರೂಪಾಯಿ. ಈಗಿನ ಫೋಟೊ ನೋಡಿ ಬರೆದದ್ದರಿಂದ ಎಲ್ಲರೂ ಮುದುಕರಾಗಿಯೇ ಶಾಲೆಗೆ ಬಂದ ಹಾಗಿತ್ತು. ಹತ್ತಕ್ಕೆ ನಿಲ್ಲಿಸಿದೆ. ಆಗಿನ ಗ್ರೂಪ್ ಫೋಟೊವನ್ನೇ ಸಣ್ಣ ವಿವರವೂ ಬರುವ ಹಾಗೆ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ ಒಂದೊಂದು ಮುಖ ಕತ್ತರಿಸಿದೆ. ಹಿಂದಿನ ಸಾಲಿನವರ ಮುಖದ ಮೇಲಿನ ಬಿಳಿ ಬೂಷ್ಟು ತೆಗೆಯೋಕೆ ನಾನು ಕಂಡುಕೊಂಡ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆಟೋಗ್ರಾಫ್ ಪುಸ್ತಕದ ಪದ್ಯಗಳನ್ನೂ ಕೂಡಿಸಿದೆ, ನಲವತ್ತು ಪುಟದಲ್ಲಿ ಅದೇ ನಾಲ್ಕು ಪದ್ಯ ತಿರುಗಿ ತಿರುಗಿ ಬಂದವು, ಕೈಬಿಟ್ಟೆ. ಸೈರನ್ ಹುಡುಗನ ದನಿ ರೆಕಾರ್ಡ್ ಮಾಡಿದ್ದೇನೆ, ಈಗಲೂ ಅದೇ ಗಂಟಲು. ಕ್ಯೂಆರ್ ಕೋಡ್ ಹಾಕಿ ಪುಸ್ತಕಕ್ಕೆ ಸೇರಿಸುವ ಆಸೆ ಇದೆ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಮೊದಲು ಅವೆನ್ಯೂ ರೋಡ್ ಕಡೆಯ ಒಂದು ಪ್ರೆಸ್ಸಿಗೆ ಕೊಟ್ಟೆ. ಯೂನಿಕೋಡಿನಲ್ಲಿ, ಅಂದರೆ ಈಗ ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರದಲ್ಲಿ, ಕೊಟ್ಟದ್ದನ್ನು ಅವರು ತಮ್ಮ ಫಾಂಟಿಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರ ಎಲ್ಲ ಎಕ್ಕುಟ್ಟಿಹೋಯಿತು. ಮೂರು ಪ್ರೂಫು ನೋಡಿದರೂ ಸರಿಹೋಗಲಿಲ್ಲ, ಆರೇಳು ಸಾವಿರ ನೀರಿಗೆ ಬಿತ್ತು. ಆಫ್‌ಸೆಟ್ ಮುದ್ರಣಕ್ಕೆ 500 ಪ್ರತಿ ಇಲ್ಲದೆ ಗಿಟ್ಟುವುದಿಲ್ಲ ಅಂದರು, ನಮಗೆ ಬೇಕಾದದ್ದು ನೂರೈವತ್ತು. ಡಿಜಿಟಲ್ ಪ್ರಿಂಟ್ ಮಾಡುವ ಬೇರೆಯವರ ಹತ್ತಿರ ಹೋದೆ, ಪಿಡಿಎಫ್ ನಾನೇ ಮಾಡಿಕೊಟ್ಟೆ. ಸುಮಾರು ನೂರ ಇಪ್ಪತ್ತು ಪುಟ, 80 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ, ಒಳಗೆಲ್ಲ ಕಪ್ಪು ಬಿಳುಪು, ಪ್ರತಿಗೆ ನೂರ ಹತ್ತರ ಆಸುಪಾಸು ಬಿತ್ತು. ಎಲ್ಲ ಸೇರಿ ಮೂವತ್ತು ಸಾವಿರದ ಒಳಗೇ ಮುಗಿಯಿತು. ಜಾಹೀರಾತು ಒಂದೂ ತೆಗೆದುಕೊಳ್ಳಲಿಲ್ಲ, ಗೆಳೆಯರು ಮುಂಗಡ ಕೊಟ್ಟರು. ಮೊದಮೊದಲು ಅರ್ಧ ಜನ ಕೊಡಲಿಲ್ಲ, ಸ್ವೆಟರಿನ ಪುಟ ಓದಿದ ಮೇಲೆ ಒಂದೇ ವಾರದಲ್ಲಿ ಬಂತು. ಎರಡನೇ ಮುದ್ರಣಕ್ಕೆ ನನ್ನ ಕೈಯಿಂದ ಒಂದು ಪೈಸೆಯೂ ಹೋಗಿಲ್ಲ.

ಕಾರ್ಯಕ್ರಮದ ದಿನ ಪುಟಗಳನ್ನು ವೇದಿಕೆಯಲ್ಲಿ ಓದಿದವರು ಮೊಮ್ಮಕ್ಕಳು. ಅದೂ ನನ್ನದೇ ಯೋಚನೆ. 'ಹೇಳಬಾರದು' ಪುಟ ಓದಿದ ಮೊಮ್ಮಗಳು ಮಧ್ಯದಲ್ಲಿ ತಾತನ ಕಡೆ ತಿರುಗಿ ಡಬ್ಬಿಯಲ್ಲಿ ಏನಿತ್ತು ತಾತಾ ಅಂದಳು, ಇಡೀ ಹಾಲು ಒಟ್ಟಿಗೆ 'ಹೇಳಬಾರದು' ಅಂತ ಕೂಗಿತು.

ನಮ್ಮ ಮುಂದಿನ ವರ್ಷದ ಬ್ಯಾಚಿನವರೂ ಬಂದು ಕೇಳಿದ್ದಾರೆ, ಅವರಿಗೆ ಪುಟದ ಅಳತೆ, ಪ್ರೆಸ್ಸಿನ ನಂಬರು ಎಲ್ಲ ಕೊಟ್ಟಿದ್ದೇನೆ. ನಮ್ಮವರಲ್ಲೇ ಇನ್ನೂ ಆರೇಳು ಜನ ಸಿಕ್ಕಿಲ್ಲ. ಒಬ್ಬ ಕೋಲಾರದ ಕಡೆ ಇದ್ದಾನೆ ಅನ್ನುತ್ತಾರೆ, ಒಬ್ಬರು ಮದುವೆಯಾಗಿ ಹುಬ್ಬಳ್ಳಿಗೆ ಹೋದವರು. ಅವರ ಚಿತ್ರಗಳನ್ನು ಬರೆದಿಟ್ಟಿದ್ದೇನೆ. ಓದಿ ಹೇಳದೆ ಅಚ್ಚಿಗೆ ಕೊಡುವುದಿಲ್ಲ.